ತವುಡಿಗೆ ಸಿಕ್ಕ ಹೆಸರು

"ಗುರುಸಾಮೀ..."

ದ್ರಾಕ್ಷಿ ಚಪ್ಪರದ ಆಚೆ ತುದಿಯಿಂದ ಯಾರೋ ಕರೆದರು. ಎಳೆಯ ದನಿ. ದೀಪ ಹಚ್ಚುವ ಹೊತ್ತು, ಎಲೆಗಳ ಕೆಳಗೆ ಆಗಲೇ ಕತ್ತಲಾಗಿತ್ತು.

ಸತ್ಯಾ ಕತ್ತರಿ ಕೆಳಗಿಟ್ಟಳು. "ಮಾಮಾ, ಕೂಲಿಯವ್ರಲ್ಲಿ ಗುರುಸಾಮಿ ಅಂತ ಯಾರಾದ್ರೂ ಇದಾರಾ?"

"ಅವ್ರೆಲ್ಲಾ ಆಗ್ಲೇ ಷೇರ್ ಆಟೋ ಹತ್ತಿ ಹೋದ್ರಲ್ಲ ಪುಳ್ಳೆ."

ಮಾಮಾ ಎಂದರೆ ಅವಳ ಸೋದರತ್ತೆ ದೈವಾನೈಯ ಮಗ. ಅವನ ಬಾಯಲ್ಲಿ ಅವಳು ಪುಳ್ಳೆ, ಅಂದರೆ ಹುಡುಗಿ. ಸಂಕ್ರಾಂತಿಗೆ ಶುರುವಾಗುವ ತಮಿಳರ ತೈ ತಿಂಗಳಲ್ಲಿ ಇಬ್ಬರಿಗೂ ಮದುವೆ. ಕೊಯ್ಲಿಗೆ ಸಹಾಯ ಮಾಡುವ ನೆಪದಲ್ಲಿ ಸತ್ಯಾ ಪೆರಿಯಕುಳದಿಂದ ಅವನ ಊರಾದ ಓಡೈಪಟ್ಟಿಗೆ ಬಂದಿದ್ದಳು. ಅದು ನೆಪವೆಂದು ಬಸ್ಸಿನ ಕಂಡಕ್ಟರಿಗೂ ಗೊತ್ತಿತ್ತೇನೋ.

ಅವನು ಎರಡು ಎಲೆಗಳನ್ನು ಸರಿಸಿ ಒಂದೇ ಕಣ್ಣಿನಿಂದ ಅವಳನ್ನು ನೋಡಿದ. "ಎಲ್ಲಾರ ಪೇರೂ ಬಾಯಲ್ಲಿ ಬರ್ತದೆ. ನನ್ನ ಪೇರು ಯಾವಾಗ ಸೊಲ್ತೀಯೆ?"

ಸತ್ಯಾಳ ಕಿವಿ ಬಿಸಿಯಾಯಿತು. "ತಾಲಿ ಕಟ್ಟೋವ್ನ ಪೇರು ಸೊಲ್ಲಿದ್ರೆ ಅವ್ನ ಆಯಸ್ಸು ಕಮ್ಮಿ ಆಯ್ತದೆ. ಗೊತ್ತಿಲ್ವಾ?"

"ನನ್ನ ಪೇರಿಗೆ ಅದೆಲ್ಲಾ ಸೇರಲ್ಲ. ಇದು ಲ್ಯಾಟಿನ್ ಪೇರು. ಫೋನಲ್ಲಿ ನೋಡ್ದೆ. ಸಿಲ್ವಾ ಅಂದ್ರೆ ಕಾಡು. ಸಿಲ್ವೆಸ್ಟರ್ ಅಂದ್ರೆ ಕಾಡಿಗೆ ಸೇರಿದವನು. ಹಿಂದೆ ರೋಮಲ್ಲಿ ಆ ಪೇರಿನ ಪೋಪ್ ಇದ್ರಂತೆ. ಡಿಸೆಂಬರ್ ಕಡೇ ದಿನ ಅವ್ರ ಹಬ್ಬ. ನಾನು ಹುಟ್ಟಿದ್ದೂ ಅವತ್ತೇ."

"ಕಾಡಿಗೆ ಸೇರಿದವ್ರಿಗೆ ನಮ್ಮ ತೋಟದಲ್ಲೇನು ಕೆಲಸ?"

"ಪೆರಿಯಕುಳದ ಒಂದು ಪುಳ್ಳೆ ಹಿಡಿದು ಕಟ್ಟಾಕವ್ಳೆ." ಅವನು ನಕ್ಕ. "ದಿಂಡಿಗಲ್ ಹಾಸ್ಟೆಲಲ್ಲಿ ಸಿಲ್ವೆಸ್ಟರ್ ಅಂತ ಕೂಗಿದ್ರೆ ವರಾಂಡಾ ತುಂಬಾ ಅದೇ ಪೇರಿನೋರು ತಿರುಗಿ ನೋಡೋರು. ಇಲ್ಲಿ ನಾನೊಬ್ನೇ."

"ಗುರುಸಾಮೀ..."

ಈ ಸಲ ಅವನು ತಟ್ಟನೆ ತಿರುಗಿದ. "ಆಂ?" ಎಂದುಬಿಟ್ಟ. ಆಮೇಲೆ ಪೆಚ್ಚಾಗಿ ಅವಳ ಮುಖ ನೋಡಿದ. "ನನ್ನನ್ನೇ ಕರೆದಂಗಾಯ್ತು."

ಚಪ್ಪರದ ತುದಿಯಲ್ಲಿ ಹಳೆಯ ಬಾವಿಯೊಂದನ್ನು ಬಿಟ್ಟರೆ ಬೇರೇನೂ ಇರಲಿಲ್ಲ. ಅದರ ಹಿಂದೆ ಬೆಟ್ಟ.

ಅಡುಗೆಮನೆಯಲ್ಲಿ ಸತ್ಯಾ ಈ ಮಾತು ಎತ್ತಿದ್ದೇ ತಡ, ದೈವಾನೈಯ ಕೈಯಿಂದ ಸೌಟು ಜಾರಿತು.

"ಎಷ್ಟು ದಿನದಿಂದ ಕೇಳ್ತದೆ?"

"ಇವತ್ತೇ ಅತ್ತೆ. ಯಾರು ಗುರುಸಾಮಿ?"

ದೈವಾನೈ ನೆಲದಲ್ಲೇ ಕೂತುಬಿಟ್ಟಳು. "ಇವ್ನಿಗೆ ಮುಂಚೆ ಎರಡು ಗಂಡು ಕೂಸು ಹೋದೋ. ಎರಡಕ್ಕೂ ಗುರುಸಾಮಿ ಅಂತ ಅವ್ರಪ್ಪನ ಕಡೆ ತಾತನ ಪೇರೇ ಇಕ್ಕಿದ್ದೆ. ಬಾವಿ ಪಕ್ಕದಲ್ಲೇ ಮಣ್ಣು ಮಾಡಿದ್ದು. ಇವ್ನು ಹುಟ್ಟಿದಾಗ ದಿಂಡಿಗಲ್‌ನಲ್ಲಿ ಹೆರಿಗೆ ಮಾಡಿಸಿದ ಚರ್ಚ್ ಆಸ್ಪತ್ರೆ ಸಿಸ್ಟರಮ್ಮಂಗೆ ಮಾರ್ಬಿಟ್ಟೆ, ಒಂದು ಮೊರ ತವುಡಿಗೆ. ಈ ಪೇರು ಅವ್ರು ಇಕ್ಕಿದ್ದು."

ಕೂಸು ನಿಲ್ಲದ ಮನೆಯಲ್ಲಿ ಹೀಗೆ ಮಾರುವುದುಂಟು. ಮಗು ತೊಟ್ಟಿಲು ಬಿಟ್ಟು ಹೋಗುವುದಿಲ್ಲ, ಲೆಕ್ಕಕ್ಕೆ ಮಾತ್ರ ಬೇರೆಯವರದು. ಕೂಸನ್ನು ಒಯ್ಯಲು ಹುಡುಕಿಕೊಂಡು ಬರುವಂಥದ್ದು ಬಾಗಿಲಲ್ಲಿ ನಿಂತು ಮನೆಯ ಹೆಸರು ಹಿಡಿದು ಕೂಗುತ್ತದೆ. ಆ ಹೆಸರಿನವರು ಯಾರೂ ಓಗೊಡದಿದ್ದರೆ ಹಿಂದಿರುಗುತ್ತದೆ.

"ಮದುವೆ ಪತ್ರಿಕೆಗೆ ತಾತನ ಪೇರೇ ಬೇಕು ಅಂತ ದಾಯಾದಿಗಳು ಹಟ ಹಿಡಿದ್ರು. ನಾನೂ ಮೊನ್ನೆ ಹೋಗಿ ತವುಡು ವಾಪಸ್ ಕೊಟ್ಟು ಇವ್ನನ್ನ ಬಿಡಿಸ್ಕೊಂಡು ಬಂದೆ. ಮನೆದೇವ್ರ ಮುಂದೆ ಗುರುಸಾಮಿ ಅಂತ ಒಂದೇ ಒಂದು ಸಲ ಕರೆದೆ ಕಣೆ." ದೈವಾನೈ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು.

ಬೆಳಗಾಗುತ್ತಲೇ ಆಕೆ ದಿಂಡಿಗಲ್ ಬಸ್ಸು ಹತ್ತಿದಳು. ಮಗನನ್ನು ಮತ್ತೆ ಮಾರಿ ಬರಬೇಕಿತ್ತು. "ಸಂಜೆ ಅವ್ನನ್ನ ಕಣ್ಣಿಂದ ಮರೆಯಾಗೋಕೆ ಬಿಡ್ಬೇಡ," ಎಂದು ಸತ್ಯಾಳಿಗೆ ಹೇಳಿಹೋದಳು.

ಸತ್ಯಾ ದಿನವಿಡೀ ಅವನ ಬೆನ್ನ ಹಿಂದೆಯೇ ಇದ್ದಳು. ಅವನಿಗೋ ಖುಷಿಯೋ ಖುಷಿ. ಸಂಜೆ ಅವಳು ದೇವರ ದೀಪಕ್ಕೆ ಎಣ್ಣೆ ಬಿಟ್ಟು ತಿರುಗಿದಳು, ಅಷ್ಟೇ. ಜಗಲಿ ಖಾಲಿ. ಅವನ ಚಪ್ಪಲಿ ಮೆಟ್ಟಿಲ ಬಳಿಯೇ ಇತ್ತು.

"ಗುರುಸಾಮೀ..."

"ಬಂದೆ," ಎಂದಿತು ಚಪ್ಪರದೊಳಗಿಂದ ಅವನ ದನಿ.

ಸತ್ಯಾ ಓಡಿದಳು. ಗೊಂಚಲುಗಳು ಮುಖಕ್ಕೆ ಬಡಿದವು. ಅವನು ನಿದ್ದೆಯಲ್ಲಿದ್ದವನಂತೆ ನಡೆಯುತ್ತಿದ್ದ. ಬಾವಿಗೆ ಕಟ್ಟೆ ಇರಲಿಲ್ಲ.

"ಮಾಮಾ! ನಿಲ್ಲು ಮಾಮಾ!"

ಅವನು ತಿರುಗಲಿಲ್ಲ. ಇನ್ನೆರಡು ಹೆಜ್ಜೆ. ಆಯಸ್ಸು ಕಮ್ಮಿಯಾಗುತ್ತದೆ ಎಂದು ಚಿಕ್ಕಂದಿನಿಂದ ನುಂಗಿಕೊಂಡು ಬಂದ ಹೆಸರು ಅವಳ ನಾಲಿಗೆಯ ತುದಿಯಲ್ಲಿತ್ತು. ಹೇಳದಿದ್ದರೆ ಆಯಸ್ಸೇ ಇಲ್ಲ.

"ಸಿಲ್ವೆಸ್ಟರ್!"

ಅವನ ಕಾಲು ಅಂಚಿನಲ್ಲಿ ನಿಂತಿತು. ಒಂದು ಹಿಡಿ ಮಣ್ಣು ಕೆಳಗೆ ನೀರಿಗೆ ಬಿತ್ತು.

"ಸಿಲ್ವೆಸ್ಟರ್, ನನ್ನ ಕಡೆ ನೋಡು. ನೀನಿಲ್ದೆ ನಂಗೆ ಆಗಲ್ಲ. ಬಾ."

ಅವನು ತಿರುಗಿದ. ಕಣ್ಣಿಗೆ ನಿಧಾನವಾಗಿ ಬೆಳಕು ಬಂತು. "ಏನಂದೆ? ಇನ್ನೊಂದ್ಸಲ ಸೊಲ್ಲು."

ಅವಳು ಅವನ ಅಂಗಿ ಹಿಡಿದೆಳೆದು ಎದೆಗೆ ಹಣೆ ಒತ್ತಿ, ಅಳುತ್ತಲೇ ಮತ್ತೆ ಮತ್ತೆ ಹೇಳಿದಳು.

ದೈವಾನೈ ಮೊರದ ತುಂಬ ತವುಡು ಹೊತ್ತು ಮರಳಿದಳು. ಪತ್ರಿಕೆಯಲ್ಲಿ ಸಿಲ್ವೆಸ್ಟರ್ ಎಂದೇ ಅಚ್ಚಾಯಿತು. ದಾಯಾದಿಗಳು ಮುನಿಸಿಕೊಂಡರು, ಊಟಕ್ಕೆ ಮಾತ್ರ ಎಲ್ಲರೂ ಬಂದರು.

ಮದುವೆಯಾದ ಮೇಲೂ ಸತ್ಯಾ ದಿನಾ ದೀಪ ಹಚ್ಚಿ, ಜಗಲಿಗೆ ಬಂದು ಗಂಡನನ್ನು ಹೆಸರು ಹಿಡಿದು ಕೂಗುತ್ತಾಳೆ. ಊರ ಹೆಂಗಸರು ಮೂಗಿನ ಮೇಲೆ ಬೆರಳಿಡುತ್ತಾರೆ. ಅವನು ಎಲ್ಲಿದ್ದರೂ "ಆಂ, ಬಂದೆ," ಎನ್ನುತ್ತಾನೆ.

ನಿನ್ನೆ ಅವನು ಅವಳ ಪಕ್ಕದಲ್ಲೇ ಕೂತು ಅವಳ ಬೆರಳುಗಳ ಜೊತೆ ಆಡುತ್ತಿದ್ದ. ಚಪ್ಪರದ ಕಡೆಯಿಂದ ಎಳೆಯ ದನಿ ಕೇಳಿಸಿತು. ಮಾತು ಕಲಿಯುವ ಕೂಸಿನ ಹಾಗೆ ಅದು ತಡವರಿಸುತ್ತಿತ್ತು.

"ಸಿಲ್... ಸಿಲ್ವೆ..."

ಅವನು ಕತ್ತೆತ್ತಿದ. ಅದು ಹೇಳಿ ಮುಗಿಸುವ ಮೊದಲೇ ಸತ್ಯಾ ಅವನ ಮುಖವನ್ನು ಎರಡೂ ಕೈಯಲ್ಲಿ ತನ್ನ ಕಡೆ ತಿರುಗಿಸಿಕೊಂಡು ಆ ಹೆಸರನ್ನು ತಾನೇ ಕರೆದಳು.