ಅರಗಿನಕೋಟೆಯ ಕೆಂಪು

ಬಹಳ ಹಿಂದೆ, ತೊರೆಸಾಲು ರಾಜ್ಯವನ್ನು ರಾಚರಸ ಆಳುತ್ತಿದ್ದ ಹನ್ನೆರಡನೆಯ ವರ್ಷ, ಮಾಘ ಮಾಸದ ಮೊದಲ ವಾರದಲ್ಲಿ ಇದು ನಡೆಯಿತು.

ತೊರೆಸಾಲಿನವರು ಬಟ್ಟೆಗೆ ಬಣ್ಣ ಹಾಕಿ ಬದುಕುತ್ತಿದ್ದರು. ಮಂಜಿಷ್ಠದ ಬೇರನ್ನು ಕುದಿಸಿ ಕೆಂಪು ತೆಗೆಯುತ್ತಿದ್ದರು. ಹೊಳೆಯಾಚೆ ಅರಗಿನಕೋಟೆ ಎಂಬ ಊರಿತ್ತು. ಅಲ್ಲಿ ವರ್ಣಕೇತು ಎಂಬ ಮಾಂತ್ರಿಕ ಹೊಸದೊಂದು ಕೆಂಪು ಬಟ್ಟೆ ಮಾರತೊಡಗಿದ. ಆ ಕೆಂಪು ಬಿಸಿಲಿಗೆ ಮಾಸುತ್ತಿರಲಿಲ್ಲ, ನೀರಿಗೆ ಬಿಡುತ್ತಿರಲಿಲ್ಲ. ಮುಟ್ಟಿದರೆ ಬೆಚ್ಚಗಿರುತ್ತಿತ್ತು. ಸಂತೆಯ ಜನವೆಲ್ಲ ಅತ್ತ ತಿರುಗಿತು.

ಆ ಕೆಂಪಿನ ಗುಟ್ಟು ತಿಳಿದು ಬರಲು ರಾಜ ಮೂವರು ಬೇಹುಗಾರರನ್ನು ಕಳಿಸಿದ. ಮೊದಲನೆಯವನು ಸನ್ಯಾಸಿಯ ವೇಷದಲ್ಲಿ ಹೋಗಿ, ಕೋಟೆಬಾಗಿಲು ಕಾಯುವ ಯಾಳಿಯ ಗರ್ಜನೆ ಕೇಳಿ ಓಡಿ ಬಂದ. ಎರಡನೆಯವನು ಕುರುಡನ ವೇಷದಲ್ಲಿ ಹೋಗಿ, ಅವನಿಗಿಂತ ಬೇಗ ಓಡಿ ಬಂದ. ಮೂರನೆಯವನು ಬಣ್ಣಗಾರರ ಬೊಮ್ಮಣ್ಣ. ಅವನು ಧೈರ್ಯವಂತ, ಓಡಲಿಲ್ಲ. ಹಿಂತಿರುಗಲೂ ಇಲ್ಲ.

ಬೊಮ್ಮಣ್ಣನ ತಂಗಿಯ ಹೆಸರು ಚಂದಲೆ. ಅವಳು ಎರಡು ದಿನ ಕಾದಳು. ಮೂರನೆಯ ದಿನ, ಹೊಳೆಯಾಚೆಯಿಂದ ಸೊಪ್ಪು ಮಾರಲು ಬರುವ ಹೆಂಗಸರ ಬಳಿ ಹೋಗಿ ಕುಳಿತಳು.

"ಅಕ್ಕಾ, ನೀವು ದಿನಾ ಆ ಬಾಗಿಲು ದಾಟುತ್ತೀರಿ. ಯಾಳಿ ನಿಮ್ಮನ್ನು ಏನೂ ಮಾಡುವುದಿಲ್ಲವೇ?"

"ಏನು ಮಾಡ್ತದೆ? ಯಾರು ನೀನು ಅಂತ ಕೇಳ್ತದೆ, ಹೇಳ್ತೀವಿ. ಯಾಕೆ ಬಂದೆ ಅಂತದೆ, ಹೇಳ್ತೀವಿ. ಹೋಗು ಅಂತದೆ, ಹೋಗ್ತೀವಿ."

ಚಂದಲೆ ಇನ್ನೊಬ್ಬಳನ್ನು ಕೇಳಿದಳು. ಮತ್ತೊಬ್ಬಳನ್ನು ಕೇಳಿದಳು. ಮೂವರದೂ ಒಂದೇ ಮಾತು. ಆಗ ನಂಬಿದಳು. ನಂಬಿ ರಾಜನ ಬಳಿ ಹೋದಳು.

"ಮಹಾಸ್ವಾಮಿ, ನಾನು ಹೋಗಿ ಬರುತ್ತೇನೆ."

"ಯಾವ ವೇಷ ಬೇಕಮ್ಮಾ?"

"ಯಾವುದೂ ಬೇಡ."

ನಾಲ್ಕನೆಯ ದಿನ ಸೂರ್ಯ ಹುಟ್ಟುವ ಹೊತ್ತಿಗೆ ಚಂದಲೆ ಕೋಟೆಬಾಗಿಲಲ್ಲಿ ನಿಂತಿದ್ದಳು. ಯಾಳಿಯ ಮೈ ಸಿಂಹದ್ದು, ಸೊಂಡಿಲು ಆನೆಯದು, ಎರಡೂ ಕಲ್ಲಿನವು. ಕಣ್ಣು ಮಾತ್ರ ಜೀವಂತ.

"ಯಾರು ನೀನು?"

"ತೊರೆಸಾಲಿನ ಬಣ್ಣಗಾರರ ಮನೆಯ ಚಂದಲೆ."

"ಏಕೆ ಬಂದೆ?"

"ನಿಮ್ಮ ಕೆಂಪು ಹೇಗೆ ಬರುತ್ತದೆಂದು ತಿಳಿಯಲು. ನನ್ನ ಅಣ್ಣನನ್ನು ಹುಡುಕಲು."

ಯಾಳಿ ಸೊಂಡಿಲಿನಿಂದ ತಲೆ ಕೆರೆದುಕೊಂಡಿತು. "ಸುಳ್ಳು ಹೇಳಿದವರ ಬಣ್ಣ ತೆಗೆದು ಬೆಳ್ಳಕ್ಕಿ ಮಾಡು ಎಂದು ನನ್ನ ಒಡೆಯ ಹೇಳಿದ್ದಾನೆ. ಹೀಗೆ ಹೇಳಿದವರನ್ನು ಏನು ಮಾಡಬೇಕೆಂದು ಹೇಳಿಲ್ಲ." ಸ್ವಲ್ಪ ಯೋಚಿಸಿತು. "ನಿನ್ನ ಅಣ್ಣ ಅರಿಶಿನದ ವ್ಯಾಪಾರಿ ಅಂದ. ಕೆರೆ ಏರಿಯ ಮೇಲಿದ್ದಾನೆ, ನೋಡು. ಇವತ್ತಿಗೆ ನಾಲ್ಕನೆಯ ದಿನ. ಏಳನೆಯ ದಿನ ಸೂರ್ಯ ಏರುವಷ್ಟರಲ್ಲಿ ಮನುಷ್ಯರ ಮಾತು ಪೂರಾ ಮರೆಯುತ್ತಾನೆ. ಆಮೇಲೆ ಬರೀ ಹಕ್ಕಿ. ಹೋಗು ಒಳಗೆ."

ಏರಿಯ ಮೇಲೆ ಒಂದು ಬೆಳ್ಳಕ್ಕಿ ಒಂಟಿಕಾಲಲ್ಲಿ ನಿಂತಿತ್ತು. ಅವಳನ್ನು ಕಂಡು ಎರಡೂ ಕಾಲು ಊರಿತು.

"ಚಂದೂ, ಊಟ ಆಯ್ತಾ?" ಎಂದು ಕೇಳಿತು.

ಅವಳು ಪಕ್ಕದಲ್ಲಿ ಕುಳಿತು ಅದರ ಬೆನ್ನು ಸವರಿದಳು. ಬೆನ್ನು ತಣ್ಣಗಿತ್ತು. ಅಣ್ಣ ಏನೇನೋ ಹೇಳಲು ಹೋಗಿ ನಡುನಡುವೆ ತಡವರಿಸಿದ. ಅವನಲ್ಲಿ ಉಳಿದಿದ್ದ ಮಾತುಗಳನ್ನು ಅವಳು ಎಣಿಸಿದಳು. ಇಪ್ಪತ್ತೊಂದು ಇದ್ದವು.

ಆಗ ಕೋಟೆಯ ಗೋಪುರದಿಂದ ಕೂಗು ಬಂತು. "ಇದು ಯಾರದು?" ಸ್ವಲ್ಪ ಹೊತ್ತು ಬಿಟ್ಟು ಮತ್ತೆ, "ಇದು ಯಾರದು?" ಮೂರನೆಯ ಸಲವೂ ಅದೇ.

"ಅದೇನು ಕೂಗು?" ಎಂದು ಚಂದಲೆ ದಾರಿಹೋಕನೊಬ್ಬನನ್ನು ಕೇಳಿದಳು.

"ಬೆಳಗಾದರೆ ಕೂಗ್ತಾರೆ. ಯಾರೋ ಏನೋ ಕಳ್ಕೊಂಡಿರಬೇಕು," ಎಂದು ಅವನು ನಡೆದ.

ಆ ದಿನ ಚಂದಲೆ ಬರೀ ನೋಡಿದಳು. ಯಾರ ಮನೆಯ ಒಳಗೂ ಇಣುಕಲಿಲ್ಲ, ಬೀದಿಯಲ್ಲಿ ನಿಂತವರಿಗೆ ಕಾಣುವುದನ್ನಷ್ಟೇ ನೋಡಿದಳು. ವರ್ಣಕೇತುವಿನ ಬಣ್ಣದ ಮನೆಗೆ ಹನ್ನೆರಡು ಗಾಡಿ ಸೌದೆ ಹೋಯಿತು. ಬೇರಿನ ಗಾಡಿ ಒಂದೂ ಹೋಗಲಿಲ್ಲ, ಕೆಂಪು ಕೊಡುವ ಅರಗಿನ ಗಾಡಿಯೂ ಹೋಗಲಿಲ್ಲ. ಬಣ್ಣದ ಮನೆಯ ಚರಂಡಿ ಸೇತುವೆಯ ಕೆಳಗೆ ಹರಿಯುತ್ತಿತ್ತು. ಬಣ್ಣ ಹಾಕುವ ಮನೆಯ ನೀರು ಎಲ್ಲೂ ತಿಳಿಯಾಗಿರುವುದಿಲ್ಲ. ಇಲ್ಲಿ ತಿಳಿಯಾಗಿತ್ತು. ಇನ್ನೊಂದು ಸಂಗತಿ: ಊರಿನಲ್ಲಿ ಎಲ್ಲರೂ ಎಲೆಅಡಿಕೆ ಮೆಲ್ಲುತ್ತಿದ್ದರು. ತೊಟ್ಟಿಲು ಬಿಟ್ಟಿಳಿದ ಕೂಸುಗಳೂ ಮೆಲ್ಲುತ್ತಿದ್ದವು.

ಐದನೆಯ ದಿನ ಬೆಳ್ಳಕ್ಕಿಯ ಬಳಿ ಒಂಬತ್ತು ಮಾತು ಉಳಿದಿದ್ದವು. "ಊಟ" ಹೋಗಿತ್ತು.

ಆ ದಿನ ಚಂದಲೆ ಬರೀ ಕೇಳಿಸಿಕೊಂಡಳು. ಕೆರೆಯ ಸೋಪಾನದಲ್ಲಿ ಹೆಂಗಸರು ಬಟ್ಟೆ ಒಗೆಯುತ್ತಿದ್ದರು. ಅವಳೂ ತನ್ನ ಸೆರಗು ಒಗೆಯುತ್ತಾ ಕುಳಿತಳು.

"ಎಲ್ಲಿಯವಳವ್ವ ನೀನು?" ಎಂದಳು ರಾಯವ್ವ ಎಂಬ ದಪ್ಪ ಹೆಂಗಸು.

"ತೊರೆಸಾಲು. ನಿಮ್ಮ ಕೆಂಪಿನ ಗುಟ್ಟು ತಿಳಿಯೋಕೆ ಬಂದೆ."

ಹೆಂಗಸರೆಲ್ಲ ನಕ್ಕರು. "ಸಿಕ್ಕಿದರೆ ನಮಗೂ ಹೇಳು! ಇಲ್ಲೇ ಹುಟ್ಟಿ ಇಲ್ಲೇ ಮುದುಕಿಯಾದೆ, ನನಗೇ ಗೊತ್ತಿಲ್ಲ."

ನಗು ಮುಗಿದು ಒಬ್ಬೊಬ್ಬರೇ ಎದ್ದರು. ರಾಯವ್ವ ಬಟ್ಟೆ ಹಿಂಡುವ ನೆಪದಲ್ಲಿ ಹತ್ತಿರ ಬಂದಳು. "ನೀನು ಬಣ್ಣದೋರ ಮನೆಯವಳು, ನಿನಗೆ ಗೊತ್ತಿರಬಹುದು. ನಮ್ಮ ಹುಂಜದ ಜುಟ್ಟು ಸುಣ್ಣದ ಹಾಗೆ ಬೆಳ್ಳಗಾಗಿದೆ ಕಣೇ. ಬುಟ್ಟಿ ಕವುಚಿ ಇಟ್ಟಿದೀನಿ. ಯಾರಿಗೂ ಹೇಳಬೇಡ, ನಮ್ಮ ಮನೆಗೆ ಏನೋ ದೋಷ ಅಂತಾರೆ."

ಚಂದಲೆ ಸೆರಗಿನ ಅಂಚಿಗೆ ಒಂದು ಗಂಟು ಹಾಕಿದಳು.

ಮತ್ತೊಬ್ಬಳ ಗಿಳಿಯ ಕೊಕ್ಕು ಬೆಳ್ಳಗಾಗಿತ್ತು. ಇನ್ನೊಬ್ಬಳ ಹಿತ್ತಿಲಲ್ಲಿ ದಾಸವಾಳ ಬಿಳಿಯದಾಗಿ ಅರಳುತ್ತಿತ್ತು. ಮಗಳ ಮದುವೆಗೆ ಓಡಾಡುತ್ತಿದ್ದ ಒಬ್ಬಳು ಕಣ್ಣೊರೆಸಿಕೊಂಡು, "ಹುಡುಗಿಯ ತುಟಿಯಲ್ಲಿ ಬಣ್ಣವೇ ಇಲ್ಲಮ್ಮ. ಎಲೆಅಡಿಕೆ ಹಾಕಿಸಿ ಹಾಕಿಸಿ ಗಂಡಿನವರಿಗೆ ತೋರಿಸ್ತಿದೀನಿ," ಎಂದಳು. ಎಲ್ಲರೂ ಕೊನೆಗೆ ಹೇಳಿದ್ದು ಒಂದೇ: ಯಾರಿಗೂ ಹೇಳಬೇಡ.

ಸಂಜೆಗೆ ಗಂಟುಗಳು ಹತ್ತೊಂಬತ್ತಾದವು. ಪ್ರತಿಯೊಬ್ಬರೂ ಇದು ತಮ್ಮ ಮನೆಯಲ್ಲಿ ಮಾತ್ರ ಎಂದುಕೊಂಡಿದ್ದರು.

ಆರನೆಯ ದಿನ ಬೆಳ್ಳಕ್ಕಿಯ ಬಳಿ ಎರಡೇ ಮಾತು ಉಳಿದಿದ್ದವು. "ಅವ್ವ" ಮತ್ತು "ಚಂದೂ."

ಆ ದಿನ ಚಂದಲೆ ಪ್ರಶ್ನೆ ಕೇಳಲು ಹೊರಟಳು. ಆದರೆ ಯಾರನ್ನು ಕೇಳುವುದು? ಬಣ್ಣದ ಮನೆಯಲ್ಲಿ ಈಗ ಇರುವವರನ್ನು ಕೇಳಿದರೆ ಅವರ ಕೆಲಸಕ್ಕೆ ಕುತ್ತು. ಬಿಟ್ಟು ಬಂದವರು ಯಾರಿದ್ದಾರೆಂದು ವಿಚಾರಿಸಿದಳು. ಶುರುವಿನಿಂದ ಕೊಪ್ಪರಿಗೆ ತಿರುವಿ ಈಚೆಗೆ ಬಿಟ್ಟ ತಿಪ್ಪಜ್ಜಿ ಎಂಬ ಮುದುಕಿ ಅಗಸೆಬಾಗಿಲ ಬಳಿ ಪುರಿ ಮಾರುತ್ತಿದ್ದಳು.

"ಅಜ್ಜಿ, ಕೊಪ್ಪರಿಗೆಯಲ್ಲಿ ಏನು ಹಾಕುತ್ತಿದ್ದಿರಿ? ಹೇಳಬಾರದೆಂಬ ಮಾತು ಕೊಟ್ಟಿದ್ದರೆ ಹೇಳಬೇಡಿ."

ಅಜ್ಜಿ ಅವಳನ್ನು ದಿಟ್ಟಿಸಿದಳು. "ಮಾತೂ ಇಲ್ಲ, ಆಣೆಯೂ ಇಲ್ಲ. ಈ ಮುದುಕಿಯನ್ನು ಯಾರು ಕೇಳ್ತಾರೆ ಅಂತ ವರ್ಣಕೇತು ತಿಳಿದಿದ್ದ. ಅವನು ತಿಳಿದದ್ದು ಸರಿ, ಯಾರೂ ಕೇಳಲಿಲ್ಲ." ಬೊಗಸೆ ಪುರಿ ಚಂದಲೆಯ ಮಡಿಲಿಗೆ ಹಾಕಿದಳು. "ಕೊಪ್ಪರಿಗೆಯಲ್ಲಿ ನೀರು ಬಿಟ್ಟು ಏನೂ ಹಾಕಲ್ಲ ಮಗಳೇ. ಅವನು ಮಂತ್ರ ಹೇಳ್ತಾನೆ. ಊರಿನ ಕೆಂಪೆಲ್ಲ ಎಳೆ ಎಳೆಯಾಗಿ ಬಂದು ನೀರಿಗೆ ಇಳೀತದೆ. ಬಾಗಿಲಲ್ಲಿ ಬೆಳ್ಳಕ್ಕಿ ಆದವರದ್ದೂ ಅಲ್ಲಿಗೇ ಬರ್ತದೆ. ಆದರೆ ಕೇಳದೆ ಇಟ್ಟುಕೊಂಡರೆ ಮಂತ್ರ ಫಲಿಸೋದಿಲ್ಲ. ಅದಕ್ಕೇ ದಿನಾ ಬೆಳಗ್ಗೆ ಮೂರು ಸಲ ಕೂಗಿ ಕೇಳ್ತಾನೆ. ಕಳ್ಕೊಂಡವರು ತಾವೇ ನನ್ನದು ಅಂದರೆ ಹಿಂದಕ್ಕೆ ಹೋಗ್ತದೆ. ಯಾರು ಅಂತಾರೆ? ಏನನ್ನ ಕೇಳ್ತಿದಾನೆ ಅಂತ ಯಾರಿಗೂ ಗೊತ್ತಿಲ್ಲವಲ್ಲ."

"ನೀವು ಯಾಕೆ ಹೇಳಲಿಲ್ಲ ಅಜ್ಜಿ?"

"ಹೆದರಿಕೆ," ಎಂದಳು ತಿಪ್ಪಜ್ಜಿ. "ಇನ್ನೇನು?"

ಚಂದಲೆ ಸೋಪಾನಕ್ಕೆ ಹೋದಳು. ಹತ್ತೊಂಬತ್ತು ಗಂಟುಗಳನ್ನು ಎತ್ತಿ ತೋರಿಸಿದಳು. "ಹೆಸರು ಹೇಳುವುದಿಲ್ಲ. ಆದರೆ ನಿಮ್ಮಲ್ಲಿ ಯಾರೂ ಒಬ್ಬರೇ ಅಲ್ಲ. ನಾಳೆ ಕೂಗು ಬಂದಾಗ ಬಾಗಿಲಲ್ಲಿ ನಿಂತು ನನ್ನದು ಅನ್ನಿ." ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ರಾಯವ್ವ ಬಾಯಲ್ಲಿದ್ದ ಎಲೆಅಡಿಕೆ ಉಗಿದಳು.

ಅಲ್ಲಿಂದ ಏರಿಗೆ ಬಂದಳು. ನಾಳೆ ಬೆಳಗಾಗುವಷ್ಟರಲ್ಲಿ ಅಣ್ಣನಲ್ಲಿ ಒಂದೇ ಮಾತು ಉಳಿಯುತ್ತದೆ. ಲೆಕ್ಕ ಸುಲಭವಾಗಿತ್ತು.

"ಅಣ್ಣಾ, 'ನನ್ನದು' ಅನ್ನು."

"ಚಂದೂ," ಎಂದಿತು ಬೆಳ್ಳಕ್ಕಿ.

"ಅದನ್ನು ಬಿಟ್ಟುಬಿಡು. 'ನನ್ನದು' ಅನ್ನು."

"ಚಂದೂ."

"ನನ್ನ ಹೆಸರು ನಾನೇ ಇಟ್ಟುಕೊಂಡಿರುತ್ತೇನೆ ಅಣ್ಣಾ. ನೀನು ಮರೆತರೂ ಎಲ್ಲಿಯೂ ಹೋಗುವುದಿಲ್ಲ. ಮರೆ."

ಹೊತ್ತು ಇಳಿಯುವವರೆಗೂ ಹೇಳಿಕೊಟ್ಟಳು. ಬೆಳ್ಳಕ್ಕಿ ಕೊಕ್ಕನ್ನು ಅವಳ ಅಂಗೈಯಲ್ಲಿಟ್ಟಿತು. ಕೊನೆಗೆ ಮೆಲ್ಲಗೆ, "ನನ್ನದು," ಎಂದಿತು. ಅದಾದ ಮೇಲೆ ಅವಳ ಹೆಸರು ಹೇಳಲಿಲ್ಲ.

ಏಳನೆಯ ದಿನ ಬೆಳಗಾಯಿತು.

"ಇದು ಯಾರದು?"

ಊರು ಸುಮ್ಮನಿತ್ತು.

"ಇದು ಯಾರದು?"

ರಾಯವ್ವ ಹುಂಜವನ್ನು ಕಂಕುಳಲ್ಲಿ ಅವುಚಿಕೊಂಡು ಬೀದಿಗೆ ಬಂದಳು. "ನನ್ನದು ಕಣೋ! ನನ್ನ ಹುಂಜದ್ದು!" ಆಚೆ ಬಾಗಿಲಿನಿಂದ ಇನ್ನೊಬ್ಬಳು, ಈಚೆ ಬಾಗಿಲಿನಿಂದ ಮತ್ತೊಬ್ಬಳು, ಒಟ್ಟು ಹತ್ತೊಂಬತ್ತು ದನಿ. ಹುಂಜದ ಜುಟ್ಟು ಕೆಂಪಾಯಿತು. ಅದನ್ನು ಕಂಡು ಊರೇ ಬೀದಿಗಿಳಿಯಿತು.

ಗೋಪುರದ ಮೇಲೆ ವರ್ಣಕೇತುವಿನ ದನಿ ನಡುಗಿತು. ಮಂತ್ರ ಶುರು ಮಾಡಿದವನು ಮೂರನೆಯ ಕೂಗು ಕೂಗಲೇಬೇಕು. "ಇದು... ಯಾರದು?"

"ನನ್ನದು! ನನ್ನದು!" ಎಂದಿತು ಊರು. ದಾಸವಾಳ ಕೆಂಪಾಯಿತು, ತುಟಿಗಳು ಕೆಂಪಾದವು, ಮಕ್ಕಳ ಕೆನ್ನೆ ಕೆಂಪಾಯಿತು.

ಏರಿಯ ಮೇಲೆ ಬೆಳ್ಳಕ್ಕಿ ಕೊಕ್ಕು ತೆರೆಯಿತು. ಹಕ್ಕಿಯ ದನಿ ಬಂತು. ಮತ್ತೆ ತೆರೆಯಿತು. ಮತ್ತೆ ಹಕ್ಕಿಯದೇ ದನಿ. ಬಿಸಿಲು ನೀರಿನ ಅಂಚಿಗೆ ಬಂದಿತ್ತು. ಚಂದಲೆ ಅಂಗೈ ಚಾಚಿದಳು. ಬೆಳ್ಳಕ್ಕಿ ಕೊಕ್ಕನ್ನು ಅದರಲ್ಲಿಟ್ಟಿತು.

"ನನ್ನದು."

ಏರಿಯ ಮೇಲೆ ಬೊಮ್ಮಣ್ಣ ನಿಂತಿದ್ದ. ಅವನ ಗಲ್ಲ ಅವಳ ಅಂಗೈಯಲ್ಲಿತ್ತು, ಬೆಚ್ಚಗಿತ್ತು.

"ನೀವು ಯಾರು ತಾಯಿ?" ಎಂದ.

"ತೊರೆಸಾಲಿನ ಬಣ್ಣಗಾರರ ಮನೆಯ ಚಂದಲೆ."

ಅವನು ಯೋಚಿಸಿದ. "ನನಗೂ ಒಬ್ಬಳು ತಂಗಿ ಇರಬೇಕು," ಎಂದ. ಅವಳ ಮುಖ ನೋಡಿದ, ಇನ್ನೊಮ್ಮೆ ನೋಡಿದ. "ಚಂದೂ, ಯಾಕೆ ಅಳ್ತಿದೀಯ?"

ವರ್ಣಕೇತು ಹಳೆಯ ಕಂಬಳಿ ಹೊದ್ದು ಕೋಟೆಬಾಗಿಲಿಗೆ ಓಡಿದ. ಯಾಳಿ ಕೇಳಿತು, "ಯಾರು ನೀನು?"

"ಬಡ ಕುಂಬಾರ."

ಯಾಳಿ ತನಗೆ ಹೇಳಿದ್ದನ್ನು ಮಾಡಿತು. ಬೆಳ್ಳಕ್ಕಿಯೊಂದು ಹಾರಿ ಹೋಯಿತು. ಯಾಳಿ ಕಣ್ಣು ಮುಚ್ಚಿ ಪೂರ್ತಿ ಕಲ್ಲಾಯಿತು.

ಅದೇ ಗಳಿಗೆಯಲ್ಲಿ ನಾಡಿನ ಸಂತೆಗಳಲ್ಲೆಲ್ಲ ಅರಗಿನಕೋಟೆಯ ಬಟ್ಟೆ ಬೆಳ್ಳಗಾಯಿತು. ರಾಚರಸನ ರಾಣಿ ಗುಟ್ಟಾಗಿ ತರಿಸಿಕೊಂಡಿದ್ದ ಸೀರೆ, ತುಂಬಿದ ಸಭೆಯಲ್ಲಿ ಬೆಳ್ಳಗಾಯಿತು. ರಾಜ ನೋಡಿಯೂ ನೋಡದವನಂತೆ ಇದ್ದ.

ಚಂದಲೆ ಬಂದಾಗ ಅವನು ಕೇಳಿದ, "ಯಾವ ಬೀಗ ಒಡೆದೆಯಮ್ಮಾ? ಯಾರಿಗೆ ಆಸೆ ತೋರಿಸಿದೆ?"

"ಯಾವುದೂ ಇಲ್ಲ ಮಹಾಸ್ವಾಮಿ. ನೋಡಿದೆ, ಕೇಳಿಸಿಕೊಂಡೆ, ಒಬ್ಬ ಅಜ್ಜಿಯನ್ನು ಕೇಳಿದೆ."

ಅರಗಿನಕೋಟೆಯವರು ತೊರೆಸಾಲಿಗೆ ಬಂದು ಬೇರು ಕುದಿಸುವುದನ್ನು ಕಲಿತರು. ತಿಪ್ಪಜ್ಜಿ ಅವರಿಗೆ ಕೊಪ್ಪರಿಗೆ ತಿರುವುವುದನ್ನು ಹೇಳಿಕೊಟ್ಟಳು. ಚರಂಡಿಯ ನೀರು ಕೆಂಪಾಗಿ ಹರಿಯಿತು. ಎರಡೂ ಊರಿನವರಿಗೆ ಕೈತುಂಬ ಕೆಲಸ, ಕಣ್ತುಂಬ ನಿದ್ದೆ ಇತ್ತು.

ಬೊಮ್ಮಣ್ಣ ಮನೆಗೆ ಬಂದ ದಿನ ಅವ್ವ ಒಲೆಯ ಮುಂದಿನಿಂದ ಏಳಲಿಲ್ಲ. ಏಳು ದಿನ ಹಸಿ ಮೀನು ನುಂಗಿದವನು ತಲೆ ಎತ್ತದೆ ಉಂಡ. ಅವ್ವ ರೊಟ್ಟಿ ತಟ್ಟಿದಳು, ಚಂದಲೆ ಬಡಿಸಿದಳು, ಬಡಿಸುತ್ತಾ ಎಣಿಸಿದಳು.

ಹನ್ನೊಂದು.