ಚೇಳಿನ ಅಂಚು

"ಬ್ಯಾಡ ತಂಬಿ. ಈ ಮಾಟದ ಕಟ್ಟು ಬಿಲ್ಲು, ರಸೀದಿ ನೋಡಲ್ಲ. ಮೊದ್ಲು ಯಾರು ಕದ್ರೋ ಅವ್ರನ್ನೇ ಹಿಡೀತದೆ."

ಮಂತ್ರವಾದಿ ಕರುಪ್ಪಸಾಮಿಯ ಮಾತಿಗೆ ಈಶ್ವರನ್ ನಕ್ಕುಬಿಟ್ಟ. ಮಾಟದಲ್ಲಿ ಅವನಿಗೆ ಎಳ್ಳಷ್ಟೂ ನಂಬಿಕೆಯಿರಲಿಲ್ಲ. ಎಂಬತ್ತನಾಲ್ಕನೇ ಇಸವಿಯಲ್ಲಿ ಪಾಲುದಾರ ತಂಗವೇಲುವಿನ ಜೊತೆ ನೆಗಮಂ ಊರಿನಲ್ಲಿ ತೆರೆದ ಸೀರೆ ಕಂಪನಿ ವರ್ಷ ತುಂಬುವ ಮೊದಲೇ ಮುಳುಗಿತ್ತು. ಈಶ್ವರನ್ ಹೊರಬಂದ, ಅವನು ಸೀರೆಗೆಂದು ಬರೆದುಕೊಟ್ಟ ಚೇಳಿನ ಅಂಚು ಮಾತ್ರ ತಂಗವೇಲುವಿನ ಬಳಿಯೇ ಉಳಿಯಿತು. ದೂರಕ್ಕೆ ಹೂವು, ಹತ್ತಿರಕ್ಕೆ ಚೇಳು. ಮಾಟ ತಗುಲಿ ಅದನ್ನು ನೇಯಿಸಿದವನ ಕೈ ಕೊಳೆಯುತ್ತದೆಂದು ಸುದ್ದಿ ಹಬ್ಬಿದರೆ ಯಾವ ಮಗ್ಗದವನೂ ಮುಟ್ಟುವುದಿಲ್ಲ ಎಂದು ಈಶ್ವರನ್‌ನ ಲೆಕ್ಕ. ಮಹಾ ಬುದ್ಧಿವಂತ!

ಹಾಡುಹಗಲಲ್ಲೂ ಮಂತ್ರವಾದಿಯ ಗುಡಿಸಲೊಳಗೆ ಕತ್ತಲು. ಕೊಳೆತ ಮೊಟ್ಟೆ, ಹಂದಿ ಕೊಬ್ಬು, ಸುಟ್ಟ ಕೂದಲಿನ ನಾತ. ನೊಣಗಳು ತುಟಿಗೇ ಬಂದು ಕೂರುತ್ತಿದ್ದವು. ಅಂಚಿನ ನಕ್ಷೆಗೆ ಅವನ್ನೆಲ್ಲ ಕಲಸಿದ ಲೋಳೆಯನ್ನು ಅಂಗೈಯಿಂದ ಸವರಿ, ಇದು ನನ್ನದು ಎಂದು ಹೇಳಿ ಉಗುಳಬೇಕಿತ್ತು. ಹೇಳಿದ, ಉಗುಳಿದ. ಥೂ, ಅದೆಂಥ ಹೊಲಸು ಕೆಲಸ!

ನಾತ ಕೈಯಿಂದ ಹೋಗಲಿಲ್ಲ. ಸೀಗೆಪುಡಿ, ಬೂದಿ, ಸೀಮೆಎಣ್ಣೆ ಏನು ಹಾಕಿ ಉಜ್ಜಿದರೂ ಅನ್ನ ಕಲಸಿದಾಗ ಹೆಣದ ವಾಸನೆ. ತಂಗವೇಲುವಿನ ಗತಿ ನೋಡಲು ಅವನ ಮಗ್ಗಗಳಿದ್ದ ಅವಿನಾಶಿ ಊರಿಗೆ ಹೋದ. ಪವರ್‌ಲೂಮ್‌ಗಳ ಗದ್ದಲದಲ್ಲಿ ಚೇಳಿನ ಅಂಚು ಮೊಳಗಟ್ಟಲೆ ಇಳಿಯುತ್ತಿತ್ತು. ತಂಗವೇಲು ಬೋಂಡಾ ತಿಂದು ತೇಗುತ್ತಿದ್ದ. ಅವನ ಕೈಗೆ ಎಣ್ಣೆ ಮೆತ್ತಿತ್ತು, ಅಷ್ಟೇ.

ತುರಿಕೆ ಶುರುವಾದದ್ದು ವಾಪಸು ಬರುವ ಬಸ್ಸಿನಲ್ಲಿ. ಈಶ್ವರನ್‌ನ ಮುಂಗೈ ಊದಿತು. ಚರ್ಮದಡಿ ಏನೋ ಸಾಲಾಗಿ ಹರಿಯಿತು. ಕೆರೆದ. ಕೀವು ಒಸರಿತು. ಕೀವಿನಲ್ಲಿ ಒಂದು ಕಪ್ಪು ನೂಲು. ಎಳೆದ. ಬಂತು. ಇನ್ನೂ ಎಳೆದ. ಮುಗಿಯಲಿಲ್ಲ. ಪಕ್ಕದವರು ಮೂಗು ಮುಚ್ಚಿಕೊಂಡು ಎದ್ದುಹೋದರು.

ಮನೆಯಲ್ಲಿ, ಅವನನ್ನು ಸಾಕಿದ ದೊಡ್ಡಮ್ಮ ಸುಬ್ಬಾತಾಳ್ ಎದುರು ಗುಡಿಸಲಿನ ಕತೆಯನ್ನೆಲ್ಲ ಬಡಬಡಿಸಿದ. ಅವಳು ಅವನ ಕೈ ಹಿಡಿದು ನೋಡಿದಳು. ಊದಿದ ಚರ್ಮದ ಮೇಲೆ ಹಸಿರು ಚೇಳುಗಳ ಸಾಲು. ಅವಳು ತನ್ನ ಸೆರಗು ಸರಿಸಿದಳು. ಅವಳ ಮುಂಗೈಯಲ್ಲೂ ಅದೇ ಸಾಲು, ಅಂಚಿನ ಅದೇ ಚೇಳು. ಹುಡುಗಿಯಾಗಿದ್ದಾಗ ತಾನೇ ಬರೆದು ಚುಚ್ಚಿಸಿಕೊಂಡ ಹಚ್ಚೆ. ಆ ಕೈಯಿಂದಲೇ ಅವನಿಗೆ ತುತ್ತು ಉಣಿಸಿದ್ದಳು.

"ಇದು ದೊಡ್ಡಮ್ಮಂದು ಅಂತ ಒಂದ್ ಮಾತು ಹೇಳ್ಬುಡು ನನ್ ಕಣ್ಣು. ಕಟ್ಟು ಬುಟ್ಟೋಯ್ತದೆ."

ಒಂದೇ ಮಾತು. ಹೇಳಿದರೆ ಸುದ್ದಿ ನಾಳೆಯೇ ಅವಿನಾಶಿಗೆ ಮುಟ್ಟುತ್ತದೆ. ತಂಗವೇಲು ಹೊಟ್ಟೆ ಹಿಡಿದುಕೊಂಡು ನಗುತ್ತಾನೆ. ಈಶ್ವರನ್ ಹಲ್ಲು ಕಚ್ಚಿದ.

"ನಂದು," ಎಂದ.

ನಾಲಿಗೆಯ ಮೇಲೆ ಒದ್ದೆಯಾದದ್ದೇನೋ ಬಾಲ ಎತ್ತಿತು.