ನಾಲ್ಕು ಕೈಯ ಪಟ

ಮುಸ್ಸಂಜೆಯಲ್ಲಿ ಮನೆಯ ಯಾವ ಕೋಣೆಯೂ ಕತ್ತಲಾಗಿರಬಾರದು ಎಂದು ಯಗಟಿಯ ತವರಿನಲ್ಲಿ ಕಲಿತು ಬಂದ ಮಲ್ಲಿಕಾಂಬ, ಗಂಡನ ಮನೆಗೆ ಬಂದ ಮೊದಲ ವಾರದಲ್ಲೇ ಅದರಿಂದ ಎಡವಟ್ಟು ಮಾಡಿಕೊಂಡಳು.

ಗಂಡ ತೀರ್ಥಪ್ಪ ತರೀಕೆರೆಯಲ್ಲಿ ಫೋಟೋ ತೆಗೆಯುವವನು. ಮಾತು ಬಲು ಕಡಿಮೆ. ಹೊತ್ತು ಸಿಕ್ಕಿತೆಂದರೆ ಹಿಂದಿನ ಕೋಣೆ ಸೇರಿ ಬಾಗಿಲಿಗೆ ಎರಡು ಕರಿ ಕಂಬಳಿ ಇಳಿಬಿಟ್ಟುಕೊಳ್ಳುತ್ತಿದ್ದ. ನನ್ನ ಮುಖ ಹಿಡಿಸಲಿಲ್ಲವೇನೋ ಎಂದು ಅವಳು ಒಳಗೊಳಗೇ ಕೊರಗಿದ್ದಳು.

ಆ ಸಂಜೆ ಹೊಸಿಲ ಬಳಿ ಅವನ ಚಪ್ಪಲಿ ಕಾಣಲಿಲ್ಲ. ಹೊರಗೆ ಹೋಗಿರಬೇಕು ಎಂದುಕೊಂಡು, ಹಚ್ಚಿದ ದೀಪ ಹಿಡಿದು ಕಂಬಳಿ ಸರಿಸಿದಳು.

“ಅಯ್ಯೋ, ದೀಪ!”

ಕೆಂಪು ಗಾಜಿನ ಲಾಂದ್ರದ ಪಕ್ಕ ತೀರ್ಥಪ್ಪ ಚಪ್ಪಲಿ ಮೆಟ್ಟಿಕೊಂಡೇ ಬಗ್ಗಿ ನಿಂತಿದ್ದ. ಮುಂದೆ ಅಗಲವಾದ ಟ್ರೇ, ಅದರ ಔಷಧಿಯಲ್ಲಿ ಮುಳುಗಿದ ದೊಡ್ಡ ಹಾಳೆ. ಹಾಳೆಯ ಮೇಲೆ ಯಾರದೋ ಮುಖ ಮೂಡುತ್ತಿತ್ತು. ದೀಪದ ಬೆಳಕು ತಾಗಿ, ನೋಡನೋಡುತ್ತಲೇ ಎಲ್ಲ ಮಸಿ ಬಳಿದಂತೆ ಕಪ್ಪಾಯಿತು.

ಅತ್ತೆ ಕಲ್ಲಮ್ಮ ಓಡಿಬಂದರು. “ಏನಾಯ್ತೋ?”

“ಏನಿಲ್ಲ ಕಣವ್ವಾ,” ಎಂದ ತೀರ್ಥಪ್ಪ. “ದೀಪ ತಗೊಂಡ್ಬಾ ಅಂತ ನಾನೇ ಕರೆದಿದ್ದೆ.”

ಅತ್ತೆ ಗೊಣಗುತ್ತ ಹೋದರು. ಮಲ್ಲಿಕಾಂಬ ಕಪ್ಪಾದ ಹಾಳೆಯತ್ತ ಬಗ್ಗಿ ನೋಡಿದಳು. ಅಜ್ಜಂಪುರದ ಮಠದವರು ತಮ್ಮ ಸ್ವಾಮಿಗಳ ದೊಡ್ಡ ಪಟಕ್ಕೆ ಹೇಳಿದ್ದರು. ಈ ಕೆಲಸವೂ ಕೈಗೂಡದಿದ್ದರೆ ಸ್ಟುಡಿಯೋ ಮುಚ್ಚಿ ತೆಂಗಿನ ತೋಟ ನೋಡಿಕೊ ಎಂದು ಅತ್ತೆ ಮಗನಿಗೆ ಕಡ್ಡಿ ತುಂಡು ಮಾಡಿದಂತೆ ಹೇಳಿಬಿಟ್ಟಿದ್ದರು. ಇನ್ನು ಊರೆಲ್ಲ ಹೊಸ ಸೊಸೆಯ ಕಾಲ್ಗುಣವನ್ನೇ ಆಡಿಕೊಳ್ಳುತ್ತದೆ.

“ಸ್ವಾಮಿಗಳ ಪಟ ಹಾಳು ಮಾಡ್ಬಿಟ್ಟೆ ಕಣ್ರೀ. ನನ್ನ ತವರಿಗೆ ಕಳಿಸ್ಬಿಡಿ.”

“ಅದು ಸ್ವಾಮಿಗಳದ್ದಲ್ಲ.”

“ಮತ್ತೆ ಯಾರದು?”

ಅವನು ಗಾಜಿನ ಪ್ಲೇಟೊಂದನ್ನು ತಂದು ದೀಪಕ್ಕೆ ಹಿಡಿದ. ಕಪ್ಪೆಲ್ಲ ಬಿಳುಪಾಗಿ, ಬಿಳುಪೆಲ್ಲ ಕಪ್ಪಾಗಿದ್ದರೂ ಬಾಸಿಂಗ ಕಟ್ಟಿದ ತನ್ನ ಹಣೆಯ ಗುರುತು ಅವಳಿಗೆ ಸಿಕ್ಕಿತು.

“ಬೊಂಬಾಯಿಂದ ಎರಡು ಹಾಳೆ ತರಿಸಿದ್ದೆ. ಒಂದು ಮಠಕ್ಕೆ. ಇನ್ನೊಂದು...” ಅವನು ಕತ್ತು ತಗ್ಗಿಸಿದ. “ನಂಗೆ ಮಾತು ಬರಲ್ಲ. ಪಟ ಮಾಡಿ ಮುಂದಿಟ್ರೆ ನೀನೇ ತಿಳ್ಕೋತೀಯ ಅಂದ್ಕೊಂಡಿದ್ದೆ.”

ಅವಳಿಗೆ ಅಳುವಿನಲ್ಲೇ ನಗು ಬಂತು. “ಎದುರಿಗೇ ಇದ್ನಲ್ಲ. ನೋಡ್ಬಾರ್ದಿತ್ತಾ?”

“ನೋಡೋಕೆ ಧೈರ್ಯ ಬರ್ಲಿಲ್ಲ ಕಣೇ.”

ಮರುದಿನ ಉಳಿದ ಒಂದೇ ಹಾಳೆ ತೆಗೆದು, ಅವನು ಅವಳನ್ನೇ ಕರೆದ. ನೆಂದ ದೊಡ್ಡ ಹಾಳೆ ತನ್ನ ಭಾರಕ್ಕೆ ತಾನೇ ಹರಿಯುತ್ತದೆ, ಎತ್ತಲು ನಾಲ್ಕು ಕೈ ಬೇಕು.

“ನನ್ನ ಕೈ ಬೇಡ ಕಣ್ರೀ. ಮತ್ತೆ ಕೆಟ್ರೆ?”

“ಕೆಟ್ರೆ ಇಬ್ರೂ ಸೇರಿ ತೆಂಗಿನ ತೋಟ ನೋಡ್ಕೊಳ್ಳಾಣ.”

ಕಿಟಕಿಯ ತೂತಿನಿಂದ ಬಂದ ಬಿಸಿಲು ಸ್ವಾಮಿಗಳ ಗಾಜಿನ ಪ್ಲೇಟನ್ನೂ ಮಸೂರವನ್ನೂ ದಾಟಿ, ಗೋಡೆಗೆ ಸಿಕ್ಕಿಸಿದ ಹಾಳೆಯ ಮೇಲೆ ದೊಡ್ಡದಾಗಿ ಬಿತ್ತು. ತೂತು ಮುಚ್ಚಿ, ಕೆಂಪು ಲಾಂದ್ರದ ಬೆಳಕಿನಲ್ಲಿ ಹಾಳೆಯನ್ನು ಟ್ರೇಯಲ್ಲಿ ಮುಳುಗಿಸಿದರು. ಮೊದಲು ಸ್ವಾಮಿಗಳ ಗಡ್ಡ ಮೂಡಿತು, ಆಮೇಲೆ ಕಣ್ಣು. ಹಣೆಯ ವಿಭೂತಿ ಬೆಳ್ಳಗೇ ಉಳಿಯಿತು. ಅವಳು ತಲೆಯೆತ್ತಿದರೆ ಗಂಡನ ನೋಟ ಪಟದ ಮೇಲಿರಲಿಲ್ಲ.

“ರೀ, ಸ್ವಾಮಿಗಳು ನೋಡ್ತಿದ್ದಾರೆ!”

“ನೋಡ್ಲಿ. ಆಶೀರ್ವಾದ ಮಾಡ್ತಾರೆ.”

ನಾಲ್ಕು ಮೂಲೆ ಹಿಡಿದು ಉಸಿರು ಬಿಗಿಹಿಡಿದು ಎತ್ತಿದರು. ಮೂಡಿದ ಚಿತ್ರ ಮತ್ತೆ ಕಪ್ಪಾಗದಂತೆ ಹಿಡಿದಿಡುವ ಹೈಪೋ ಔಷಧಿಯಲ್ಲಿ ಅದ್ದಿದ ಮೇಲೆ, ಅವಳು ಸೇದಿ ತುಂಬಿದ ಬಾನಿಯ ನೀರನ್ನು ಬದಲಿಸುತ್ತ ತೊಳೆದರು. ಒಣಗುವಾಗ ಸುರುಳಿ ಸುತ್ತಿಕೊಳ್ಳದಂತೆ ಅತ್ತೆಯ ಹಪ್ಪಳದ ಹಲಗೆಗಳ ನಡುವೆ ಇಟ್ಟು ಗುಂಡುಕಲ್ಲು ಹೇರಿದರು.

ಮಠದವರು ಪಟ ಕಂಡು ಕೈಮುಗಿದರು. “ಸೊಸೆ ಕಾಲ್ಗುಣ ಚೆನ್ನಾಗೈತೆ ಕಣಮ್ಮಾ,” ಎಂದರು ಹಿರಿಯರೊಬ್ಬರು. ಹೌದೆಂದು ಕಲ್ಲಮ್ಮನೂ ನಕ್ಕರು. ತಪ್ಪನ್ನು ತನ್ನ ಮೇಲೆ ಹಾಕಿಕೊಂಡು ಗಂಡ ಕಾಯದಿದ್ದರೆ ಈ ಮಾತು ತನ್ನ ಪಾಲಿಗೆ ಬರುತ್ತಿರಲಿಲ್ಲ ಎಂದು ಮಲ್ಲಿಕಾಂಬ ಮನಸ್ಸಿನಲ್ಲೇ ಅವನಿಗೂ ಶಿವನಿಗೂ ಒಟ್ಟಿಗೆ ಕೈಮುಗಿದಳು.

ಕೆಟ್ಟುಹೋದ ಕರಿ ಹಾಳೆಯನ್ನು ಅವಳು ಮದುವೆ ಸೀರೆಯ ಕೆಳಗಿಟ್ಟದ್ದು ನೋಡಿ ತೀರ್ಥಪ್ಪ ನಕ್ಕ. “ಅದ್ರಲ್ಲೇನಿದೆ?”

“ನಾನಿದೀನಲ್ರೀ. ನೀವು ನನ್ನತ್ರ ಆಡಿದ ಮೊದಲ್ನೇ ಮಾತು ಕಣ್ರೀ ಅದು.”

ಬೊಂಬಾಯಿಯಿಂದ ಹೊಸ ಹಾಳೆ ಬಂದ ದಿನ, ಮುಸ್ಸಂಜೆಗೆ ಅವಳು ಎಂದಿನಂತೆ ಎಲ್ಲ ಕೋಣೆಗೂ ದೀಪ ತೋರಿಸುತ್ತ ಬಂದಳು. ಕಂಬಳಿಯ ಮುಂದೆ ನಿಂತು ಮೆಲ್ಲಗೆ ಕೇಳಿದಳು:

“ಬರ್ಲಾ?”

“ದೀಪ ಹೊರಗಿರ್ಲಿ. ನೀನು ಬಾ.”